ಡೈಪೋಲ್ ಕೆಳಗಿನ ಇಬಿಜಿಗೆ ಚೌಕ ಸೆಲ್ ಒಳ್ಳೆಯದೋ, ಷಡ್ಭುಜವೋ?

ಆಕಾರದ ಮಾತು ಸದ್ಯಕ್ಕೆ ಬದಿಗಿರಲಿ. 2.45 ಗಿಗಾಹರ್ಟ್ಸ್ ಡೈಪೋಲ್ (ಎರಡು ತೋಳಿನ ಆಂಟೆನಾ) ಕೆಳಗಿಡುವ ಇಬಿಜಿಗೆ, ಅಂದ್ರೆ ಒಂದೇ ಥರದ ಲೋಹದ ತುಂಡುಗಳನ್ನು (ಸೆಲ್) ಸಾಲುಸಾಲಾಗಿ ಜೋಡಿಸಿದ ಹಾಳೆಗೆ, ಯಾವ ಸೆಲ್ ಅಂತ ಕೇಳಿದ್ದೀರಿ. ಎಂ.ಟೆಕ್ ಮಾಡುವಾಗ ನಾನೂ ಇದರಲ್ಲೇ ಎರಡು ತಿಂಗಳು ಕಳೆದೆ. ನನ್ನ ಬೋರ್ಡ್ ಕೈಕೊಟ್ಟಿದ್ದು ಆಕಾರದಿಂದಲ್ಲ.

ನಾನು ಮಾಡಿದ್ದು ಸೀವನ್‌ಪೈಪರ್ ತಂಡ 1999ರಲ್ಲಿ ಪ್ರಕಟಿಸಿದ ಅಣಬೆ ಮಾದರಿ. ಮೇಲೆ ತಾಮ್ರದ ಚೌಕ, ಕೆಳಗೆ ಗ್ರೌಂಡ್ ಅನ್ನುವ ಪೂರಾ ತಾಮ್ರದ ಪದರ, ಎರಡನ್ನೂ ಸೇರಿಸಲು ಚೌಕದ ನಡುವೆ ವಿಯಾ ಅನ್ನುವ ತೂತು. 1.6 ಮಿ.ಮೀ. ಎಫ್‌ಆರ್4 (ಮಾಮೂಲಿ ಸರ್ಕ್ಯೂಟ್ ಬೋರ್ಡಿನ) ಶೀಟು, ಚೌಕ 26 ಮಿ.ಮೀ., ಸಂದು ಅರ್ಧ ಮಿ.ಮೀ., ನಾಲ್ಕು ಸಾಲಲ್ಲಿ ನಾಲ್ಕು ನಾಲ್ಕು. ಹದಿನಾರು ತೂತಿಗೂ ತಂತಿ ತೂರಿಸಿ ಎರಡೂ ಕಡೆ ನಾನೇ ಸೋಲ್ಡರ್ ಮಾಡಿದೆ. ಬರೀ ಲೋಹದ ಮೇಲಾದರೆ ಡೈಪೋಲನ್ನು ಕಾಲು ತರಂಗ, ಅಂದ್ರೆ 30 ಮಿ.ಮೀ. ಮೇಲಿಡಬೇಕು. ಹತ್ತಿರ ತಂದರೆ ಲೋಹದಲ್ಲಿ ಹರಿಯುವ ಎದುರು ಕರೆಂಟು ಅದರ ಕೆಲಸವನ್ನೇ ಅಳಿಸಿಹಾಕುತ್ತೆ. ಇಬಿಜಿ ಇದ್ದರೆ 3 ಮಿ.ಮೀ. ಸಾಕು ಅನ್ನೋದೇ ನನ್ನ ಆಸೆ.

ಸಾಫ್ಟ್‌ವೇರಲ್ಲಿ ಒಂದೇ ಸೆಲ್ ಇಟ್ಟು, ಸುತ್ತ ಪಿರಿಯಾಡಿಕ್ ಬೌಂಡರಿ (ಅದೇ ಸೆಲ್ ಎಲ್ಲಾ ಕಡೆ ಮರುಕಳಿಸುತ್ತೆ ಅನ್ನುವ ಷರತ್ತು) ಕೊಟ್ಟೆ. ರಿಫ್ಲೆಕ್ಷನ್ ಫೇಸ್, ಅಂದ್ರೆ ಬಂದ ತರಂಗಕ್ಕೂ ವಾಪಸ್ ಹೋಗುವ ತರಂಗಕ್ಕೂ ಇರುವ ಕೋನದ ವ್ಯತ್ಯಾಸ, ಸರಿಯಾಗಿ 2.45ರಲ್ಲಿ ಸೊನ್ನೆಗೆ ಬಂತು. ಅಷ್ಟನ್ನೇ ನಂಬಿ ಬೋರ್ಡ್ ಮಾಡಿಸಿದೆ. ನನ್ನ ತಪ್ಪು ಇದೇ. ಅನಲೈಸರ್‌ಗೆ ಹಾಕಿದರೆ 2.45ರಲ್ಲಿ ಎಸ್11 (ಆಂಟೆನಾದಿಂದ ವಾಪಸ್ ಬರುವ ಪವರ್‌ನ ಅಳತೆ) ಬರೀ −4 ಡಿಬಿ. ಕಳಿಸಿದ ಪವರ್‌ನಲ್ಲಿ ಶೇ. 40 ವಾಪಸ್! ಎಸ್11 ಗೆರೆಯ ಗುಂಡಿ, ಅಂದ್ರೆ ವಾಪಸ್ ಬರುವುದು ಅತಿ ಕಡಿಮೆ ಇರುವ ಜಾಗ, ಬಿದ್ದಿದ್ದು 2.33ರಲ್ಲಿ. ಡೈಪೋಲ್ ತುದಿಯನ್ನು ಬ್ಲೇಡಿನಿಂದ ಅರ್ಧರ್ಧ ಮಿ.ಮೀ. ಕೆರೆದೆ. ಗುಂಡಿ ಬಲಕ್ಕೆ ಸರಿಯಿತು, ಸರಿದಷ್ಟೂ ಆಳ ಕಡಿಮೆಯಾಯಿತು.

ಏನಾಗಿತ್ತು ಅಂದ್ರೆ, ಆ ಬೌಂಡರಿಗೆ ಗೊತ್ತಿರುವುದು ಕೊನೆಯೇ ಇಲ್ಲದ ಹಾಳೆ. ನನ್ನ ಬೋರ್ಡ್ 106 ಮಿ.ಮೀ., ಅಲ್ಲಿ ಒಂದು ತರಂಗವೇ 122 ಮಿ.ಮೀ. ಇಡೀ ಹಾಳೆ ಒಂದು ತರಂಗದಷ್ಟೂ ಉದ್ದ ಇಲ್ಲ. ಜೊತೆಗೆ ಸಾಫ್ಟ್‌ವೇರಲ್ಲಿ ನಾನು ಬಿಟ್ಟ ತರಂಗ ದೂರದಿಂದ ನೆಟ್ಟಗೆ ಬಂದು ಬೀಳುತ್ತೆ. 3 ಮಿ.ಮೀ. ಮೇಲಿರುವ ಡೈಪೋಲ್ ಹಾಗಲ್ಲ, ಅದರ ಫೀಲ್ಡ್ ಎಲ್ಲಾ ಕೋನದಲ್ಲೂ ಸೆಲ್‌ಗಳಿಗೆ ತಾಗುತ್ತೆ. ಇಂಥ ಡೈಪೋಲ್ ಚೆನ್ನಾಗಿ ಮ್ಯಾಚ್ ಆಗುವುದು ಫೇಸ್ ಸೊನ್ನೆ ಇರುವಲ್ಲಿ ಅಲ್ಲ, 90 ಡಿಗ್ರಿ ಆಸುಪಾಸಲ್ಲಿ, 45 ಹೆಚ್ಚುಕಡಿಮೆ. ಇದನ್ನು ಯಾಂಗ್ ಮತ್ತು ರಹಮತ್-ಸಮಿ 2003ರಲ್ಲೇ ಬರೆದಿದ್ದಾರೆ. ಫ್ರೀಕ್ವೆನ್ಸಿ ಏರಿದಂತೆ ಫೇಸ್ ಇಳಿಯುತ್ತೆ, ಹಾಗಾಗಿ 90 ಸೊನ್ನೆಗಿಂತ ಮೊದಲೇ ಸಿಗುತ್ತೆ. ನನ್ನ 2.33 ಬಂದಿದ್ದು ಆ ಜಾಗದಿಂದ.

ತೊಂದರೆ ಆಕಾರದ್ದಲ್ಲ, ಆದ್ದರಿಂದ ಷಡ್ಭುಜ ಬಿಡಿ, ಚೌಕವೇ ಇರಲಿ. ಸೊನ್ನೆ ಫೇಸ್ 2.55ರ ಹತ್ತಿರ ಬರುವಂತೆ ಸೆಲ್ ಸ್ವಲ್ಪ ಚಿಕ್ಕದು ಮಾಡಿ. ನನಗೆ 24.5 ಮಿ.ಮೀ. ಆಯಿತು. ಆಮೇಲೆ ಹದಿನಾರೂ ಸೆಲ್, ಡೈಪೋಲ್, ಫೀಡ್ ಕೇಬಲ್ ಸಮೇತ ಸಿಮ್ಯುಲೇಟ್ ಮಾಡಿ. ರಾತ್ರಿಯಿಡೀ ಓಡಿದರೂ ಓಡಲಿ. ಅದಿಲ್ಲದೆ ಬೋರ್ಡ್ ಮಾಡಿಸಲೇಬೇಡಿ. ಎಫ್‌ಆರ್4 ಶೀಟನ್ನು ಮೊದಲೇ ಕೊಂಡು ಅದರ ಪರ್ಮಿಟಿವಿಟಿ (ವಿದ್ಯುತ್ ಫೀಲ್ಡಿಗೆ ಶೀಟು ಎಷ್ಟು ಸ್ಪಂದಿಸುತ್ತೆ ಅನ್ನುವ ಅಂಕಿ) ಅಳೆಯಿರಿ. 4.2 ಇದ್ದರೂ 4.6 ಇದ್ದರೂ ಒಂದೇ ಅಂದುಕೊಂಡರೆ ಸುಮಾರು 90 ಮೆಗಾಹರ್ಟ್ಸ್ ಅಲ್ಲೇ ಹೋಯಿತು.

ನಿಮ್ಮ ಬೋರ್ಡಲ್ಲಿ ಎಷ್ಟು ಸೆಲ್ ಹಿಡಿಯುತ್ತೆ, ಡೈಪೋಲ್ ಎಷ್ಟು ಎತ್ತರದಲ್ಲಿದೆ? ಬರೆಯಿರಿ, ನೋಡಿ ಹೇಳ್ತೀನಿ.