ಬಿಸಿಲು, ಮೋಡ ಮತ್ತು ನದಿ ರೀವ

ಪ್ರಶ್ನೆ: ಯುಗಾದಿ ಕಳೆದ ಮೇಲೆ ಎರಡು ಭಾನುವಾರ ರಂಗನತಿಟ್ಟಿನಲ್ಲಿ ನದಿ ರೀವಗಳ (ರಿವರ್ ಟರ್ನ್ ಹಕ್ಕಿಗಳ) ಫೋಟೊ ತೆಗೆದೆ. ಒಂದು ಗಳಿಗೆ ಸುಡುಬಿಸಿಲು, ಮರುಗಳಿಗೆ ಮೋಡ. ಅರ್ಧ ಚಿತ್ರಗಳಲ್ಲಿ ಹಕ್ಕಿಯ ಎದೆ ಸುಣ್ಣ ಬಳಿದಂತಿದೆ, ಉಳಿದವುಗಳಲ್ಲಿ ಹಕ್ಕಿಯೇ ಕಪ್ಪು. ಮಲ್ಪೆಯ ಕಡಲತೀರಕ್ಕೂ ಹೋಗುವ ಆಸೆಯಿದೆ. ಏನು ಮಾಡಲಿ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ನಿಮ್ಮ ಕೈ ಸರಿಯಾಗಿಯೇ ಇದೆ. ಬೆಳಕಿನ ಅಳತೆಯನ್ನು ಕ್ಯಾಮೆರಾಕ್ಕೆ ಬಿಟ್ಟದ್ದರಿಂದ ಹೀಗಾಗಿದೆ. ಕಂಡದ್ದನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ಅದು ನೋಡುತ್ತದೆ. ರೀವ ಕಪ್ಪು ಬಂಡೆಯ ಮುಂದೆ ಹಾರಿದರೆ ಬೆಳಕು ಹೆಚ್ಚಿಸಿ ಬಿಳುಪನ್ನು ಸುಡುತ್ತದೆ, ಬಿಳಿ ಮೋಡದ ಮುಂದೆ ಬಂದರೆ ತಗ್ಗಿಸಿ ಹಕ್ಕಿಯನ್ನು ನೆರಳು ಮಾಡುತ್ತದೆ. ಒಂದೇ ಹಾರಾಟದಲ್ಲಿ ಬಂಡೆ, ನೀರು, ಆಕಾಶ ಮೂರನ್ನೂ ದಾಟುವ ಹಕ್ಕಿಯಿದು. ಆದರೆ ಅದರ ಮೈಮೇಲೆ ಬೀಳುವ ಬಿಸಿಲು ಮೂರೂ ಕಡೆ ಒಂದೇ. ಅಳೆಯಬೇಕಾದದ್ದು ಆ ಬಿಸಿಲನ್ನು.

ಆದ್ದರಿಂದ ಎಲ್ಲವನ್ನೂ ನೀವೇ ಹೊಂದಿಸುವ ಮ್ಯಾನುಯಲ್‌ಗೆ ಬನ್ನಿ. ಸೂರ್ಯ ಬೆನ್ನ ಹಿಂದಿದ್ದು ಬಿಸಿಲು ಚೆನ್ನಾಗಿದ್ದರೆ ಶಟರ್ (ಬೆಳಕು ಒಳಬರುವ ಸಮಯ) 1/2500 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400 ಇಟ್ಟು ಆರಂಭಿಸಿ. ತೆಳುಮೋಡ ಬಂದರೆ ಐಎಸ್‌ಒ ಮಾತ್ರ 1600ಕ್ಕೆ, ದಟ್ಟವಾದರೆ 3200ಕ್ಕೆ ಏರಿಸಿ. ಉಳಿದದ್ದನ್ನು ಮುಟ್ಟಬೇಡಿ. ಹಕ್ಕಿ ಬರುವ ಮೊದಲೇ ತಲೆಯೆತ್ತಿ ಮೋಡದ ಅಂಚು ಸೂರ್ಯನಿಗೆಷ್ಟು ಹತ್ತಿರವಿದೆ ಎಂದು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ನನ್ನ ಮಟ್ಟಿಗೆ ದುಬಾರಿ ಲೆನ್ಸಿಗಿಂತ ಇದೇ ಹೆಚ್ಚು ಉಪಕಾರ ಮಾಡಿದೆ. ತೆಳುಮೋಡವನ್ನು ಬೈಯಲೂ ಬೇಡಿ. ರೀವದ ಕಪ್ಪು ಟೋಪಿಯೊಳಗೆ ಅಡಗುವ ಕಣ್ಣು ಸ್ಪಷ್ಟವಾಗಿ ಕಾಣುವುದು ಆ ಮೃದು ಬೆಳಕಿನಲ್ಲಿಯೇ.

ಅಶ್ವಿನಿ, ಭರಣಿ ಮಳೆಗೆ ಮುಂಚೆ ಏಳುವ ಗಾಳಿಯನ್ನೂ ಬಳಸಿಕೊಳ್ಳಿ. ಹಕ್ಕಿಗಳು ಗಾಳಿಗೆ ಎದುರಾಗಿ ಇಳಿಯುತ್ತವೆ, ಎದುರಾಗಿಯೇ ಏಳುತ್ತವೆ. ಗಾಳಿ, ಬಿಸಿಲು ಎರಡೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿಯ ಮುಖ ನಿಮ್ಮ ಕಡೆಗಿರುತ್ತದೆ. ಮಲ್ಪೆಯಲ್ಲಿ ಬೆಳಗ್ಗೆ ಹೋಗಿ ಎನ್ನುವುದು ಇದಕ್ಕೇ: ಆಗ ನೆಲದಿಂದ ಕಡಲಿಗೆ ಗಾಳಿ, ಸೂರ್ಯನೂ ನೆಲದ ಕಡೆಗೇ. ಮಧ್ಯಾಹ್ನದ ನಂತರ ಎರಡೂ ತಿರುಗುತ್ತವೆ. ಸೀಗಲ್ ಹಿಂಡುಗಳು ಬೇಕಿದ್ದರೆ ಮಾತ್ರ ಚಳಿಗಾಲದಲ್ಲೇ ಹೋಗಿ. ಏಪ್ರಿಲ್ ಹೊತ್ತಿಗೆ ಬಹುಪಾಲು ಉತ್ತರಕ್ಕೆ ಮರಳಿರುತ್ತವೆ.

ಇನ್ನೊಂದು ವಿನಂತಿ. ಬೇಸಿಗೆಯಲ್ಲಿ ರೀವಗಳು ರಂಗನತಿಟ್ಟಿನ ಬರಿಬಂಡೆಯ ಮೇಲೆ ಮೊಟ್ಟೆ ಇಡುತ್ತವೆ. ತಾಯಿ ಎದ್ದುಹೋದರೆ ಆ ಮೊಟ್ಟೆಗಳಿಗೆ ನೆರಳೇ ಇಲ್ಲ, ಕಾದ ಕಲ್ಲಿನ ಮೇಲೆ ಅವು ಬೇಗ ಕೆಡುತ್ತವೆ. ದೋಣಿಯವರನ್ನು ‘ಇನ್ನೂ ಹತ್ತಿರ’ ಎಂದು ದಯವಿಟ್ಟು ಒತ್ತಾಯಿಸಬೇಡಿ.

ಪ್ರಶ್ನೆ: ಎಸಿ ಕಾರಿನಿಂದ ಇಳಿದು ಕ್ಯಾಮೆರಾ ತೆಗೆದರೆ ಲೆನ್ಸ್ ಮಂಜಾಗುತ್ತದೆ. ಒರೆಸಬಹುದೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಒರೆಸಿದರೂ ಮತ್ತೆ ಕಟ್ಟುತ್ತದೆ. ತಣ್ಣಗಿನ ಗಾಜಿಗೆ ಹೊರಗಿನ ತೇವದ ಗಾಳಿ ತಗುಲಿ ಹೀಗಾಗುತ್ತದೆ. ತಲುಪುವುದಕ್ಕೆ ಅರ್ಧ ಗಂಟೆ ಮೊದಲೇ ಎಸಿ ನಿಲ್ಲಿಸಿ ಕಿಟಕಿ ಇಳಿಸಿ. ಕ್ಯಾಮೆರಾ ಮುಚ್ಚಿದ ಚೀಲದಲ್ಲೇ ಇದ್ದು ನಿಧಾನವಾಗಿ ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ. ಮಂಜಿರುವಾಗ ಲೆನ್ಸ್ ಬಿಚ್ಚಬೇಡಿ, ತೇವ ಒಳಗಿನ ಸೆನ್ಸರಿಗೂ ತಲುಪುತ್ತದೆ.