ಎರಡು ಅಡಿ ಟ್ಯಾಂಕು, ಒಂದು ಅಡಿ ಮೀನು

ಪ್ರಶ್ನೆ: ಅಕ್ಕ, ಮಗನ ಹಟಕ್ಕೆ ಯುಗಾದಿ ಹೊತ್ತಿಗೆ ಎರಡು ಅಡಿಯ ಮೀನಿನ ಟ್ಯಾಂಕ್ ತಂದೆವು. ಎರಡು ಆಸ್ಕರ್, ಎರಡು ಶಾರ್ಕ್ ಬಿಟ್ಟಿದ್ದೇವೆ. ಆಗ ಎಲ್ಲವೂ ಹೆಬ್ಬೆರಳಿನಷ್ಟೇ ಇದ್ದವು. ಈಗ ಆರು ತಿಂಗಳಾಯಿತು, ಆಸ್ಕರ್ ನನ್ನ ಅಂಗೈಯಷ್ಟಾಗಿವೆ. ನೀರು ಬದಲಿಸಿದ ಎರಡೇ ದಿನಕ್ಕೆ ಮಬ್ಬಾಗುತ್ತದೆ. 'ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ' ಅಂತ ಅಂಗಡಿಯವರು ಹೇಳಿದ್ದರು. ನಮ್ಮ ಯಜಮಾನರು ಮೂರು ಅಡಿಯದು ತರೋಣ ಅಂತಾರೆ. ಮಾವ ಮಾತ್ರ 'ಸುಮ್ನೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿಟ್ಟು ಬನ್ನಿ' ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಅಂಗಡಿಯವರು ಹೇಳಿದ ಆ ಮಾತನ್ನು ನಾನೂ ಹೇಳಿದ್ದೇನಮ್ಮ. ಮೈಸೂರಿನ ಅಗ್ರಹಾರದಲ್ಲಿ ಹನ್ನೆರಡು ವರ್ಷ ಮೀನಿನ ಅಂಗಡಿ ಇಟ್ಟಿದ್ದೆ. ಎರಡಡಿ ಟ್ಯಾಂಕ್ ಕೊಳ್ಳಲು ಬಂದವರಿಗೆ ನಾಲ್ಕಡಿಯ ಕಥೆ ಹೇಳಿದರೆ ವ್ಯಾಪಾರ ಆಗುತ್ತದಾ? ಹಾಗಾಗಿ ನಾನೂ ತಲೆಯಾಡಿಸಿ ಮೀನು ಕಟ್ಟಿಕೊಟ್ಟೆ. ಎಂಟು ತಿಂಗಳ ಮೇಲೆ ಒಬ್ಬ ಹುಡುಗ ತನ್ನ ಆಸ್ಕರನ್ನು ಬಕೆಟ್‌ನಲ್ಲಿ ಹಾಕಿಕೊಂಡು ವಾಪಸ್ ಬಂದ. ಬೆನ್ನು ಬಾಗಿತ್ತು. ತಲೆ ಮೇಲೆ ಸಣ್ಣ ಸಣ್ಣ ಗುಳಿ. 'ಆಂಟಿ, ಇದು ಬೆಳೆಯೋದು ನಿಲ್ಲಿಸ್ತಾನೇ ಇಲ್ಲ' ಅಂದ. ಆವತ್ತಿನಿಂದ ಆ ಮಾತು ಹೇಳುವುದು ಬಿಟ್ಟೆ.

ಮೀನು ಟ್ಯಾಂಕ್ ಅಳತೆ ನೋಡಿಕೊಂಡು ಬೆಳೆಯುವುದಿಲ್ಲ. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಟುವುದು ನಿಜ, ಆದರೆ ಅದಕ್ಕೆ ಕಾರಣ ಕೆಟ್ಟ ನೀರು. ಅದನ್ನು ಕಾಯಿಲೆ ಅನ್ನಬೇಕು. ಆಸ್ಕರ್ ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಮೀನು. ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಸುಮಾರು ಒಂದಿಂಚು ಬೆಳೆಯುತ್ತದೆ. ಚೆನ್ನಾಗಿ ಸಾಕಿದರೆ ಒಂದಡಿ ಮುಟ್ಟುತ್ತದೆ, ಹತ್ತು ವರ್ಷಕ್ಕೂ ಜಾಸ್ತಿ ಬದುಕುತ್ತದೆ.

ಈಗ ನೀರು ಮಬ್ಬಾಗುವ ವಿಷಯ. ಎರಡಿಂಚಿನ ಮೀನು ಆರಿಂಚಾದರೆ ಮೂರು ಪಟ್ಟಾಯಿತು ಅಂದುಕೊಳ್ಳುತ್ತೇವೆ. ಉದ್ದ ಮಾತ್ರ ಮೂರು ಪಟ್ಟು. ಅಗಲ, ದಪ್ಪ ಕೂಡ ಅಷ್ಟಷ್ಟೇ ಹೆಚ್ಚುತ್ತದಲ್ಲ! ಮೂರು ಮೂರಲ ಒಂಬತ್ತು, ಒಂಬತ್ತು ಮೂರಲ ಇಪ್ಪತ್ತೇಳು. ತೂಕ 27 ಪಟ್ಟು. ತಿನ್ನುವುದೂ ಗಲೀಜು ಮಾಡುವುದೂ ಅದರ ಹಿಂದೆಯೇ ಏರುತ್ತವೆ. ನಿಮ್ಮ ಟ್ಯಾಂಕ್ 24, 12, 12 ಇಂಚಿನದು ಅಂದುಕೊಳ್ಳಿ. ಮೂರನ್ನೂ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಕಂಠಮಟ್ಟ ತುಂಬಿದರೂ ಸುಮಾರು 57 ಲೀಟರ್. ಅದರಲ್ಲಿ ನಾಲ್ಕು ದೊಡ್ಡ ಮೀನಿನ ಕಿವಿರಿನಿಂದ ಬರುವ ಅಮೋನಿಯಾ ಅನ್ನುವ ವಿಷ ಎಲ್ಲಿ ಹೋಗಬೇಕು?

ಯಜಮಾನರ ಮೂರಡಿಗೆ ನನ್ನ ಒಪ್ಪಿಗೆ ಇಲ್ಲ. ಎಲ್ಲರೂ ಟ್ಯಾಂಕಿನ ಉದ್ದ ಕೇಳುತ್ತಾರೆ, ಅಗಲ ಕೇಳುವವರೇ ಇಲ್ಲ. ಮೂರಡಿ ಟ್ಯಾಂಕ್‌ಗಳ ಅಗಲ ಸಾಮಾನ್ಯವಾಗಿ ಹನ್ನೆರಡೋ ಹದಿನೈದೋ ಇಂಚು. ಒಂದಡಿ ಮೀನು ಅಲ್ಲಿ ತಿರುಗುವುದು ಹೇಗೆ? ಕಬ್ಬು ತುಂಬಿದ ಗಾಡಿಯನ್ನು ನಿಮ್ಮ ಓಣಿಯಲ್ಲಿ ತಿರುಗಿಸಿ ನೋಡಿ ಅನ್ನಿ, ಮಂಡ್ಯದವರಿಗೆ ಬೇರೆ ವಿವರಣೆ ಬೇಡ. ಒಂದೇ ಆಸ್ಕರ್ ಇಟ್ಟುಕೊಳ್ಳುವುದಾದರೆ ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 340 ಲೀಟರ್. ಎರಡೂ ಬೇಕೆಂದರೆ ಎತ್ತರವನ್ನೂ ಎರಡಡಿ ಮಾಡಿಸಿ, 450 ಲೀಟರ್ ಆಗುತ್ತದೆ. ಒಂದನ್ನು ಯಾರಿಗಾದರೂ ಕೊಟ್ಟುಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮಗ ಅಳುತ್ತಾನೆ, ಗೊತ್ತು.

ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ದೊಡ್ಡ ಟ್ಯಾಂಕ್ ಅರ್ಧ ಟನ್ ದಾಟುತ್ತದೆ. ನೆಲಮಹಡಿಯಲ್ಲಾದರೆ ಅಷ್ಟು ಚಿಂತೆ ಇಲ್ಲ. ಮೇಲಿನ ಮನೆಯಾದರೆ ಎಂಜಿನಿಯರ್ ಒಬ್ಬರನ್ನು ಕೇಳದೆ ಇಡಬೇಡಿ. ಗಾರೆಯವರ ಹತ್ತಿರ ರಸಮಟ್ಟ ಇಸ್ಕೊಂಡು ಸ್ಟ್ಯಾಂಡ್ ಸಮವಾಗಿದೆಯಾ ನೋಡಿ, ಟ್ಯಾಂಕ್ ಕೆಳಗೆ ಥರ್ಮಾಕೋಲ್ ಹಾಸಿ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ, ಎಷ್ಟೋ ಜನ ಆಸೆಗೆ ಮಾಡಿಸಿ ವರ್ಷದೊಳಗೆ ಮಾರುತ್ತಾರೆ. ಆದರೆ ಎರಡು ದಿನ ಅಂಗಳದಲ್ಲಿ ನೀರು ತುಂಬಿಸಿಟ್ಟು, ಸೋರುವುದಿಲ್ಲ ಅಂತ ಖಾತ್ರಿ ಆದ ಮೇಲೆ ಒಳಗೆ ತನ್ನಿ.

ಹಳೆಯ ಫಿಲ್ಟರ್ ಎಸೆಯಬೇಡಿ, ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯಲೂ ಬೇಡಿ. ಅದರ ಸ್ಪಂಜಿನಲ್ಲಿ ಅಮೋನಿಯಾದ ವಿಷ ಇಳಿಸಿ ಬೇರೆ ರೂಪಕ್ಕೆ ಬದಲಿಸುವ ಬ್ಯಾಕ್ಟೀರಿಯಾ ಇವೆ. ಹೊಸದಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ದೊಡ್ಡ ಫಿಲ್ಟರ್ ಜೊತೆಗೆ ಹಳೆಯದನ್ನೂ ಹೊಸ ಟ್ಯಾಂಕಿನಲ್ಲಿ ಓಡಲು ಬಿಡಿ. ಟ್ಯಾಂಕ್ ಬರುವ ತನಕ ದಿನಕ್ಕೊಂದೇ ಸಲ, ಸ್ವಲ್ಪವೇ ಊಟ. ದಿನ ಬಿಟ್ಟು ದಿನ ಮೂರನೇ ಒಂದು ಭಾಗ ನೀರು ಬದಲಿಸಿ. ಬದಲಿ ನೀರನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ಹಿಡಿದು, ಗಾಳಿ ಪಂಪ್ ಹಾಕಿಡಿ. ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ. ನನ್ನ ಕರಿಬೇವು ಬೆಳೆದದ್ದೇ ಅದರಲ್ಲಿ.

ಶಾರ್ಕ್ ಅಂತ ಮಾರುವುದು ಶಾರ್ಕ್ ಅಲ್ಲವೇ ಅಲ್ಲ. ಅದು ಪಂಗಾಸಿಯಸ್, ಮೆಕಾಂಗ್ ನದಿಯ ಕ್ಯಾಟ್‌ಫಿಶ್. ಒಂದು ಮೀಟರ್ ಮೀರಿ ಬೆಳೆಯುತ್ತದೆ. ಹೋಟೆಲಿನಲ್ಲಿ ಬಾಸಾ ಅಂತ ಬರುವ ತುಂಡು ಬಹಳಷ್ಟು ಸಲ ಇದರದೇ. ಬೆದರಿದರೆ ಗಾಜಿಗೆ ಮೂತಿ ಜಜ್ಜಿಕೊಳ್ಳುತ್ತದೆ. ಮನೆಯ ಯಾವ ಟ್ಯಾಂಕೂ ಅದಕ್ಕೆ ಸಾಲದು. ಮೀನು ಸಾಕುವ ದೊಡ್ಡ ಹೊಂಡ ಇರುವವರಿಗೆ ಕೊಟ್ಟುಬಿಡಿ. ನಾಲೆಗೆ ಮಾತ್ರ ಬಿಡಬೇಡಿ ಅಂತ ಮಾವನವರಿಗೆ ಹೇಳಿ. ಟ್ಯಾಂಕಿನಿಂದ ಹೊರಬಿದ್ದ ಸಕ್ಕರ್ ಮೀನು ನಮ್ಮ ದೇಶದ ಎಷ್ಟು ಕೆರೆಗಳಲ್ಲಿ ಸೇರಿಕೊಂಡಿದೆ, ಬಲೆ ಹರಿದುಕೊಂಡ ಬೆಸ್ತರನ್ನು ಕೇಳಲಿ.

ಬಕೆಟ್‌ನಲ್ಲಿ ಬಂದ ಆಸ್ಕರ್ ಏನಾಯಿತು ಅಂದರೆ, ಅಂಗಡಿ ಹಿಂದಿನ ನಾಲ್ಕಡಿ ಟ್ಯಾಂಕಿನಲ್ಲಿ ಇನ್ನೂ ಆರು ವರ್ಷ ಇತ್ತು. ಗುಳಿ ಮಾಯಿತು, ಬೆನ್ನು ನೆಟ್ಟಗಾಗಲಿಲ್ಲ. ನಾನು ಬೀಗ ತೆಗೆದರೆ ಸಾಕು, ಗಾಜಿನ ಹತ್ತಿರ ಬಂದು ಬಾಲ ಆಡಿಸುತ್ತಿತ್ತು.

ಪ್ರಶ್ನೆ: ಟಿ.ವಿ. ಪಕ್ಕ ಎರಡೂವರೆ ಅಡಿ ಜಾಗ ಇದೆ. ಏಂಜಲ್ ಮೀನು ಸಾಕಬಹುದಾ? ಜೊತೆಗೆ ನಿಯಾನ್ ಟೆಟ್ರಾ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಏಂಜಲ್ ಸಾಕಬಹುದು. ಇದಕ್ಕೆ ಎತ್ತರ ಮುಖ್ಯ, ರೆಕ್ಕೆಗಳು ಮೇಲೂ ಕೆಳಗೂ ಚಾಚಿರುತ್ತವೆ. ರೂಪಾಯಿ ನಾಣ್ಯದಷ್ಟಿದ್ದಾಗ ತಂದದ್ದು ಬೆಳೆದ ಮೇಲೆ ರೆಕ್ಕೆ ಸೇರಿ ಎಂಟಿಂಚು ಎತ್ತರ ಆಗುತ್ತದೆ. ಎತ್ತರ 18 ಇಂಚು, ಅಗಲ 15 ಇಂಚು ಇರಲಿ. ನಾಲ್ಕು ಮರಿ ಸಾಕು. ಜೋಡಿಯಾದವು ಉಳಿದವನ್ನು ಮೂಲೆಗೆ ಅಟ್ಟುತ್ತವೆ, ಆಗ ಬೇರೆ ಮಾಡಬೇಕಾಗುತ್ತದೆ. ಡಿಸೆಂಬರ್ ಚಳಿಗೆ ಹೀಟರ್ ಬೇಕು. ನಿಯಾನ್ ಬೇಡ, ತೀರಾ ಪುಟ್ಟ ಮೀನದು. ದೊಡ್ಡ ಏಂಜಲ್ ಜೊತೆ ಒಂದು ರಾತ್ರಿ ಹದಿನೈದು ಬಿಟ್ಟಿದ್ದೆ. ಬೆಳಿಗ್ಗೆ ಎಣಿಸಿದರೆ ಒಂಬತ್ತು.