ಪ್ರತಿವರ್ಷ ಅದೇ ಋತುವಿನಲ್ಲಿ ಕಾಡುವ ಅಲರ್ಜಿಗೆ ಔಷಧವನ್ನು ಯಾವಾಗ ಆರಂಭಿಸಬೇಕು?

ಲಕ್ಷಣಗಳು ಕಾಣಿಸಿಕೊಳ್ಳುವುದಕ್ಕೆ ಒಂದೆರಡು ವಾರ ಮೊದಲೇ, ವೈದ್ಯರ ಸಲಹೆಯಂತೆ ಆರಂಭಿಸುವುದು ಉತ್ತಮ. ಗಾಳಿಯಲ್ಲಿ ತೇಲಿಬರುವ ಪರಾಗವನ್ನು ರೋಗನಿರೋಧಕ ವ್ಯವಸ್ಥೆಯು ಅಪಾಯಕಾರಿಯೆಂದು ತಪ್ಪಾಗಿ ಗ್ರಹಿಸಿದಾಗ ದೇಹದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಸೀನು, ಕಣ್ಣಿನ ತುರಿಕೆ, ಮೂಗು ಸೋರುವಿಕೆ ಉಂಟಾಗುತ್ತವೆ. ಆಂಟಿಹಿಸ್ಟಮಿನ್ ಮಾತ್ರೆಗಳು ಕೆಲವೇ ಗಂಟೆಗಳಲ್ಲಿ ಇದರ ಪರಿಣಾಮವನ್ನು ತಡೆಯುತ್ತವೆಯಾದರೂ, ಕಟ್ಟಿದ ಮೂಗಿಗೆ ಹೆಚ್ಚು ಪರಿಣಾಮಕಾರಿಯಾದ ಸ್ಟೆರಾಯ್ಡ್ ಸ್ಪ್ರೇ ಮೂಗಿನೊಳಗಿನ ಉರಿಯೂತವನ್ನೇ ನಿಧಾನವಾಗಿ ತಗ್ಗಿಸುವಂಥದ್ದಾದ್ದರಿಂದ, ಪೂರ್ಣ ಫಲ ಕಾಣಲು ಹಲವು ದಿನಗಳ, ಕೆಲವೊಮ್ಮೆ 2 ವಾರಗಳ ನಿತ್ಯಬಳಕೆ ಬೇಕಾಗುತ್ತದೆ. ಒಂದು ದಿನ ಬಳಸಿ ಪ್ರಯೋಜನವಿಲ್ಲವೆಂದು ಬಿಟ್ಟುಬಿಡುವುದು ಆತುರದ ತೀರ್ಮಾನ. ಮೂಗನ್ನು ತಕ್ಷಣ ಬಿಡಿಸುವ ಹನಿಗಳ ವಿಷಯವೇ ಬೇರೆ: ಅವುಗಳನ್ನು 3ರಿಂದ 5 ದಿನ ಮೀರಿ ಬಳಸಿದರೆ ಮೂಗು ಇನ್ನಷ್ಟು ಕಟ್ಟಿಕೊಳ್ಳಬಹುದು. ಉಬ್ಬಸವೂ ಜೊತೆಗೂಡಿದರೆ ಸ್ವಯಂಚಿಕಿತ್ಸೆ ಮಾಡಿಕೊಳ್ಳದೆ ವೈದ್ಯರನ್ನು ಕಾಣಬೇಕು.